ಇಪ್ಪತ್ತು ಪುಟ, ಆರು ವೀರರು: ದಿಕ್ಕು ತಪ್ಪಿದ ತಂಡದ ಕಾಮಿಕ್ ಅನ್ನು ದಾರಿಗೆ ತರುವ ಬಗೆ

ಸೂಪರ್‌ಹೀರೋ ತಂಡದ ಕಥೆ ಹಳಿ ತಪ್ಪುವುದು ಏಕೆಂದು ಹುಡುಕುವ ಮೊದಲು ಒಂದು ಲೆಕ್ಕ ಹಾಕಿ. ಅಮೆರಿಕದ ಮಾಸಿಕ ಕಾಮಿಕ್‌ನ ಅಳತೆ ಹಿಡಿದರೆ ಒಂದು ಸಂಚಿಕೆಗೆ ಕಥೆಯ ಪುಟ 20. (ಮೊದಲು 22 ಇತ್ತು, ಡಿಸಿ ಪ್ರಕಾಶನ 2011ರಲ್ಲಿ ಎರಡು ಪುಟ ಕತ್ತರಿಸಿತು.) ಪುಟಕ್ಕೆ ಸರಾಸರಿ 5 ಪ್ಯಾನೆಲ್ (ಚೌಕಟ್ಟಿನೊಳಗಿನ ಒಂದೊಂದು ಚಿತ್ರ) ಎಂದರೆ ಒಟ್ಟು 100. ಜಾಗ ತೋರಿಸಲು, ಕಟ್ಟಡ ಉರುಳಿಸಲು, ಇಡೀ ಪುಟದ ಒಂದೆರಡು ದೊಡ್ಡ ಚಿತ್ರಗಳಿಗೆ ಹದಿನೈದಿಪ್ಪತ್ತು ಹೋಗುತ್ತವೆ. ಉಳಿದ 80ನ್ನು ಆರು ವೀರರು, ಒಬ್ಬ ಖಳ, ಅವನ ಬಲಗೈ ಬಂಟ ಸಮನಾಗಿ ಹಂಚಿಕೊಂಡರೆ ತಲೆಗೆ ಹತ್ತು. ಹತ್ತು ಪ್ಯಾನೆಲ್ ಅಂದರೆ ಎರಡು ಪುಟ. ಅಷ್ಟರಲ್ಲಿ ಒಬ್ಬ ಬಂದು, ಶಕ್ತಿ ತೋರಿಸಿ, ಒಂದು ಚುರುಕು ಮಾತಾಡಿ ಹೋಗಬಹುದು, ಬದಲಾಗಲು ಸಾಧ್ಯವಿಲ್ಲ. ಎಂಟು ಜನ ಹೀಗೆ ಬಂದು ಹೋದರೆ ಓದುಗನ ಕೈಗೆ ಸಿಗುವುದು ಹಾಜರಿ ಪುಸ್ತಕ.

ಪಾತ್ರಗಳು ಜಾಸ್ತಿಯಾದವು ಎಂಬ ದೂರು ಆದ್ದರಿಂದ ಅರ್ಧ ಮಾತ್ರ ನಿಜ. ತಂಡದಲ್ಲಿ ಇಪ್ಪತ್ತು ಜನರಿದ್ದರೂ ನಡೆಯುತ್ತದೆ, ಆದರೆ ಒಂದೊಂದು ಸಂಚಿಕೆಗೂ ಒಬ್ಬನೇ ಯಜಮಾನ ಬೇಕು, ಅಂದರೆ ಆ ಸಂಚಿಕೆಯ ಕಥೆ ಯಾರದೋ ಆ ಒಂದು ಪಾತ್ರ. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ನಿಯಮದಿಂದ ಹುಟ್ಟಿದ್ದು.

ಮೊದಲು ರೋಗ ಯಾವುದೆಂದು ನೋಡಿ

ಕಳೆದ ಮೂರು ಸಂಚಿಕೆ, ಒಂದು ಚೌಕಳಿ ಪುಸ್ತಕ, ಒಂದು ಪೆನ್ಸಿಲ್ ಸಾಕು. ಪ್ರತಿ ಪುಟಕ್ಕೂ ಒಂದು ಸಾಲು. ಸಾಲಿನಲ್ಲಿ ಮೂರು ಮನೆ: ಈ ಪುಟದಲ್ಲಿ ನಿರ್ಧಾರ ಯಾರದು, ಪುಟದ ಕೊನೆಗೆ ಏನು ಬದಲಾಯಿತು, ಸುಮ್ಮನೆ ನಿಂತವರು ಯಾರು. ನಿರ್ಧಾರ ಎಂದರೆ ಎರಡು ದಾರಿಯಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಕಳೆದುಕೊಳ್ಳುವುದು. ಗುದ್ದುವುದು ನಿರ್ಧಾರವಲ್ಲ. ಗುದ್ದದೆ ಬಿಟ್ಟದ್ದು ಬಹಳ ಸಲ ನಿರ್ಧಾರವಾಗಿರುತ್ತದೆ. ಮೂರನೆಯ ಮನೆಯನ್ನು ಬೇಸರಪಟ್ಟು ಖಾಲಿ ಬಿಡಬೇಡಿ. ಮುಂದೆ ತಂಡವನ್ನು ಕಿರಿದು ಮಾಡುವಾಗ ಅದೇ ಸಾಕ್ಷಿ.

ಅರವತ್ತು ಸಾಲು ತುಂಬಿದ ಮೇಲೆ ಪಟ್ಟಿ ತಾನೇ ಮಾತಾಡುತ್ತದೆ. ಯಾವ ಸಂಚಿಕೆಯಲ್ಲೂ ಯಾರಿಗೂ ಎರಡಕ್ಕಿಂತ ಹೆಚ್ಚು ನಿರ್ಧಾರ ಇಲ್ಲದಿದ್ದರೆ ಯಜಮಾನನೇ ಇಲ್ಲ. ನಿರ್ಧಾರಗಳೆಲ್ಲ ಖಳನ ಹೆಸರಿನಲ್ಲಿದ್ದರೆ ವೀರರು ಬೆಂಕಿ ನಂದಿಸುವ ದಳವಾಗಿದ್ದಾರೆ. ಅವನು ಹಚ್ಚಿದಲ್ಲಿಗೆ ಇವರು ಓಡುತ್ತಾರೆ. "ಏನು ಬದಲಾಯಿತು" ಎಂಬ ಮನೆ ಇಪ್ಪತ್ತರಲ್ಲಿ ಆರಕ್ಕಿಂತ ಹೆಚ್ಚು ಸಲ ಖಾಲಿ ಇದ್ದರೆ ಪುಟಗಳು ಹಿಂದಿನದನ್ನೇ ಇನ್ನೊಮ್ಮೆ ಹೇಳುತ್ತಿವೆ. ಇನ್ನೊಂದು ಎಣಿಕೆ: ಮೂರು ಸಂಚಿಕೆಯಲ್ಲಿ ಕಥೆಯ ಎಷ್ಟು ಎಳೆ ತೆರೆದಿರಿ, ಎಷ್ಟು ಮುಚ್ಚಿದಿರಿ? ತೆರೆದದ್ದು ಏಳು, ಮುಚ್ಚಿದ್ದು ಒಂದು ಎಂದು ಬಂದರೆ ಪಾತ್ರಗಳನ್ನು ಕೊಲ್ಲುವುದರಿಂದ ಏನೂ ಸರಿಹೋಗುವುದಿಲ್ಲ, ಸಾಲ ತೀರಿಸಬೇಕು. ಎಲ್ಲ ರೋಗಕ್ಕೂ ಒಂದೇ ಔಷಧಿಯೆಂದು "ತಂಡ ಒಡೆಯಿತು, ಹೊಸ ತಂಡ, ಮತ್ತೆ ಒಂದನೇ ಸಂಚಿಕೆ" ಮಾಡುವವರೇ ಹೆಚ್ಚು. ಬರೆಯುವ ಅಭ್ಯಾಸ ಅದೇ ಇದ್ದರೆ ಆರನೇ ತಿಂಗಳಿಗೆ ಹೊಸ ತಂಡವೂ ಅದೇ ಕೆಸರಿನಲ್ಲಿ ನಿಂತಿರುತ್ತದೆ.

ತಂಡಕ್ಕೊಂದು ಪ್ರಶ್ನೆ

"ಲೋಕವನ್ನು ಕಾಪಾಡುವುದು" ತಂಡದ ಕೆಲಸವಾಯಿತೇ ಹೊರತು ಕಥೆಯಾಗಲಿಲ್ಲ. ಕಥೆಗೆ ಬೇಕಾದದ್ದು ತಂಡದ ಒಳಗೇ ಇಬ್ಬರು ಬೇರೆ ಬೇರೆ ಉತ್ತರ ಕೊಡಬಹುದಾದ ಪ್ರಶ್ನೆ. 1961ರ ಫೆಂಟಾಸ್ಟಿಕ್ ಫೋರ್ ಮೊದಲಿನಿಂದಲೂ ಒಂದು ಕುಟುಂಬ: ಒಬ್ಬರನ್ನೊಬ್ಬರು ಸಹಿಸಲಾಗದಿದ್ದರೂ ಬಿಟ್ಟಿರಲಾಗದವರು. 1963ರ ಎಕ್ಸ್-ಮೆನ್ ತಮಗೆ ಹೆದರಿ ತಮ್ಮನ್ನು ದ್ವೇಷಿಸುವ ಜನರನ್ನೇ ಕಾಯುವವರು. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಅತಿ ಬಲಶಾಲಿಗಳನ್ನು ಒಂದೆಡೆ ಸೇರಿಸಿದ ತಂಡಗಳಿಗೆ ಈ ಸೌಲಭ್ಯ ಕಡಿಮೆ. ಅಲ್ಲಿ ಎಲ್ಲರನ್ನೂ ಹಿಡಿದಿಡುವುದು ಅಪಾಯದ ಗಾತ್ರ ಮಾತ್ರ, ಅಪಾಯ ಸ್ವಲ್ಪ ಸಣ್ಣದಾದರೆ "ಇಷ್ಟಕ್ಕೆ ಇಷ್ಟು ಜನ ಯಾಕೆ?" ಎಂದು ಓದುಗ ಕೇಳುತ್ತಾನೆ, ದೊಡ್ಡದಾಗುತ್ತಲೇ ಹೋದರೆ ವರ್ಷದೊಳಗೆ ಬ್ರಹ್ಮಾಂಡವೂ ಸಾಲದಾಗುತ್ತದೆ.

ಮುಂದೆ ಉದಾಹರಣೆಗೆ ಬೇಕೆಂದು ಒಂದು ತಂಡ ಕಟ್ಟಿಕೊಳ್ಳೋಣ. ಗರುಡ ಹಾರುವವನು, ನಾಯಕ. ಬಂಡೆ ಹೆಸರಿಗೆ ತಕ್ಕ ಬಲದವನು. ಮಿಂಚು ಓಟಗಾರ್ತಿ. ನೆರಳು ಮಾಯವಾಗುವವಳು. ಸೂಜಿ ಯಂತ್ರಗಳ ಹುಡುಗ. ಮೌನಿ ಇನ್ನೊಬ್ಬರ ಮನಸ್ಸು ಓದಬಲ್ಲವಳು. ಮಿಂಚು ಆತುರಪಟ್ಟಿದ್ದರಿಂದ ಒಂದು ಕಟ್ಟಡ ಕುಸಿದು ಜನ ಸತ್ತಿದ್ದಾರೆ. ಹೊರಗೆ ಯಾರಿಗೂ ಗೊತ್ತಿಲ್ಲ. ಪ್ರಶ್ನೆ: ತಪ್ಪು ಮಾಡಿದ ತಮ್ಮವಳನ್ನು ಈ ತಂಡ ಮುಚ್ಚಿಡುತ್ತದೆಯೋ, ಒಪ್ಪಿಸುತ್ತದೆಯೋ?

ಈಗ ಒಬ್ಬೊಬ್ಬರ ಹೆಸರಿನ ಮುಂದೆಯೂ ಉತ್ತರ ಬರೆಯಿರಿ. ಗರುಡ: ಒಪ್ಪಿಸಬೇಕು, ಇಲ್ಲದಿದ್ದರೆ ನಮಗೆ ಯಾರನ್ನೂ ಹಿಡಿಯುವ ಹಕ್ಕಿಲ್ಲ. ಬಂಡೆ: ನಮ್ಮ ಹುಡುಗಿ, ಮುಗಿಯಿತು. ಸೂಜಿ: ಮೊದಲು ಕಟ್ಟಡ ನಿಜಕ್ಕೂ ಅವಳಿಂದ ಬಿತ್ತೇ ನೋಡೋಣ. ನೆರಳು: ಮುಚ್ಚಿಡಿ, ಏಕೆಂದರೆ ಒಂದು ಕಡತ ತೆರೆದರೆ ನನ್ನದೂ ತೆರೆಯುತ್ತದೆ. ಮೌನಿ: ನನಗೆ ನಿಜ ಗೊತ್ತು, ಗೊತ್ತಾದ ರೀತಿಯೇ ತಪ್ಪು. ಮಿಂಚು: ನನಗೆ ಶಿಕ್ಷೆ ಕೊಡಿ, ನಿದ್ದೆ ಬರುತ್ತಿಲ್ಲ. ಆರು ಜನ, ಆರು ಉತ್ತರ. ಎರಡು ಉತ್ತರ ಒಂದೇ ಆಗಿ ಬಂದರೆ ಆ ಇಬ್ಬರಲ್ಲಿ ಒಬ್ಬರು ಕಥೆಗೆ ಹೆಚ್ಚುವರಿ, ಅವರ ಶಕ್ತಿಗಳು ಎಷ್ಟೇ ಬೇರೆಯಾಗಿದ್ದರೂ. ತಂಡವನ್ನು ಶಕ್ತಿಯಿಂದ ಆರಿಸುವುದು ಆಟಿಕೆ ಮಾರುವವರ ಪದ್ಧತಿ; ಬರೆಯುವವರು ಆರಿಸಬೇಕಾದದ್ದು ತಕರಾರಿನಿಂದ.

ತಂಡ ಕಿರಿದು ಮಾಡುವಾಗ

ಒಂದು ಸಂಚಿಕೆಯಲ್ಲಿ ಕೆಲಸದ ಮೇಲಿರುವವರು ಐದು, ಹೆಚ್ಚೆಂದರೆ ಆರು. ಉಳಿದವರನ್ನು ಕೊಲ್ಲಬೇಕಿಲ್ಲ, ಬೇರೆ ಕೆಲಸಕ್ಕೆ ಹಚ್ಚಿ, ಹೋದ ಕಾರಣವನ್ನು ಒಂದು ಮಾತಿನ ಬಲೂನಿನಲ್ಲಿ ಹೇಳಿ, ಎರಡು ಸಂಚಿಕೆ ಮರೆತುಬಿಡಿ.

ಇದಕ್ಕೆ ಹಳೆಯ ಪಾಠವೊಂದಿದೆ. ಅವೆಂಜರ್ಸ್ 1963ರಲ್ಲಿ ಶುರುವಾದಾಗ ಥಾರ್, ಐರನ್ ಮ್ಯಾನ್ ಮೊದಲಾದವರ ಸ್ವಂತ ಕಥೆಗಳು ಬೇರೆ ಪತ್ರಿಕೆಗಳಲ್ಲಿ ನಡೆಯುತ್ತಿದ್ದವು. ಅವರ ಬದುಕಿನಲ್ಲಿ ದೊಡ್ಡದೇನು ಆಗಬೇಕಿದ್ದರೂ ಅದು ಅಲ್ಲೇ ಆಗಬೇಕು. ತಂಡದ ಪತ್ರಿಕೆಗೆ ಉಳಿಯುವುದು ಅವರ ಮುಖ ಮತ್ತು ಸುತ್ತಿಗೆ. 1965ರ 16ನೇ ಸಂಚಿಕೆಯಲ್ಲಿ ಉಳಿದಿದ್ದ ಸ್ಥಾಪಕರೆಲ್ಲ ಹೊರಟರು. ಕ್ಯಾಪ್ಟನ್ ಅಮೆರಿಕ ಒಬ್ಬ ಉಳಿದ. ಅವನ ಕೈಕೆಳಗೆ ಹಾಕ್‌ಐ, ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್ ಬಂದರು. ಮೂವರೂ ಮೊದಲು ಎದುರು ಪಕ್ಷದಲ್ಲಿದ್ದವರು, ಮೂವರಿಗೂ ಸ್ವಂತ ಪತ್ರಿಕೆ ಇರಲಿಲ್ಲ. ಬಲದ ಲೆಕ್ಕದಲ್ಲಿ ತಂಡ ಬಡವಾಯಿತು, ಕಥೆಯ ಲೆಕ್ಕದಲ್ಲಿ ಶ್ರೀಮಂತವಾಯಿತು: ನಾಯಕನ ಮಾತನ್ನು ಒಪ್ಪದವರು ಸಿಕ್ಕರು, ಅವರಿಗೆ ಏನು ಬೇಕಾದರೂ ಆಗಬಹುದಾಗಿತ್ತು. ಹಲವು ಪತ್ರಿಕೆಗಳು ಹಂಚಿಕೊಂಡ ಲೋಕದಲ್ಲಿ ಬರೆಯುವವರು ತಂಡದಲ್ಲಿ ಕನಿಷ್ಠ ಮೂವರನ್ನಾದರೂ ಹೀಗೆ ಸ್ವಂತ ಮನೆ ಇಲ್ಲದವರನ್ನೇ ಇಟ್ಟುಕೊಳ್ಳಬೇಕು. ಸಂಚಿಕೆಯ ಯಜಮಾನಿಕೆಯೂ ಹೆಚ್ಚಾಗಿ ಅವರಿಗೇ ಹೋಗಬೇಕು.

ಸಂಚಿಕೆಯ ಯಜಮಾನ

ಸಂಚಿಕೆ ಯಾರದೆಂದು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ. ಕಥೆಯನ್ನು ಎಬ್ಬಿಸುವ ನಿರ್ಧಾರವೂ ಮುಗಿಸುವ ನಿರ್ಧಾರವೂ ಅವರದು. ಕ್ಯಾಪ್ಶನ್‌ನಲ್ಲಿ (ಚಿತ್ರದಲ್ಲಿನ ಬರಹದ ಪೆಟ್ಟಿಗೆಯಲ್ಲಿ) ಮನಸ್ಸಿನ ಮಾತು ಬರುವುದಾದರೆ ಅವರೊಬ್ಬರದೇ. ಮೂರು ಬಣ್ಣದ ಕ್ಯಾಪ್ಶನ್ ಪೆಟ್ಟಿಗೆಗಳಲ್ಲಿ ಮೂರು ಜನ ಯೋಚಿಸುತ್ತಿದ್ದರೆ ಓದುಗ ಬಣ್ಣದ ಕೀಲಿಯನ್ನು ನೆನಪಿಡುತ್ತಾನೆ, ಯೋಚನೆಯನ್ನು ಮರೆಯುತ್ತಾನೆ.

ಪುಟಗಳ ಹಂಚಿಕೆ ಸುಮಾರು ಹೀಗಿರಲಿ: ಯಜಮಾನನಿಗೆ 10 ಪುಟ, ಅವನ ಮಾತನ್ನು ಒಪ್ಪದ ಎರಡನೆಯವನಿಗೆ 4, ಉಪಕಥೆಗೆ 3, ಖಳನಿಗೆ ಅವನೊಬ್ಬನೇ ಇರುವ 2, ಮುಂದಿನ ಸಂಚಿಕೆಯ ಕೊಂಡಿಗೆ 1. ಉಳಿದ ಸದಸ್ಯರಿಗೆ ಸ್ವಂತ ಪುಟವಿಲ್ಲ, ಬೇರೆಯವರ ಪುಟದಲ್ಲಿ ಒಂದೊಂದು ಕೆಲಸವಿದೆ. ಆ ಕೆಲಸ ಶಕ್ತಿಯ ಪ್ರದರ್ಶನವಾಗದೆ ಸ್ವಭಾವದ ಸುಳಿವಾಗಿರಬೇಕು. ಎಲ್ಲರೂ ಜಗಳವಾಡುತ್ತಿರುವಾಗ ಸೂಜಿ ಮುರಿದ ಕುರ್ಚಿಯ ಕಾಲು ರಿಪೇರಿ ಮಾಡುತ್ತಿದ್ದರೆ ಅವನಿಗೆ ಆ ಸಂಚಿಕೆಯಲ್ಲಿ ಅಷ್ಟು ಸಾಕು.

ಮೊದಲು ಕಥಾಸಾರ ಬರೆದು, ಚಿತ್ರ ಬಂದ ಮೇಲೆ ಮಾತು ತುಂಬುವ ಪದ್ಧತಿಯಲ್ಲಿ ಈ ಹಂಚಿಕೆಯನ್ನು ಚಿತ್ರಗಾರರಿಗೆ ಬರೆದೇ ಕೊಡಬೇಕು. ಕೊಡದಿದ್ದರೆ ಚಿತ್ರಿಸಲು ಸೊಗಸಾಗಿರುವ ಪಾತ್ರ ತಾನಾಗಿಯೇ ಪುಟ ನುಂಗುತ್ತದೆ. ತಪ್ಪು ಅವರದಲ್ಲ.

ಸರದಿಯಲ್ಲಿ ಎಲ್ಲರೂ ಯಜಮಾನರಾಗಬೇಕೆಂಬ ಸಮಾನತೆಯೂ ಬೇಡ. ಆರು ಸಂಚಿಕೆಯ ಕಥಾಸರಣಿಯಲ್ಲಿ ಮೂವರು ಸಾಕು: ಮಿಂಚುಗೆ ಮೂರು, ಗರುಡನಿಗೆ ಎರಡು, ಮೌನಿಗೆ ಒಂದು. ಬಂಡೆಯ ಅಭಿಮಾನಿಗಳು ಗೊಣಗುತ್ತಾರೆ. ಮುಂದಿನ ಸರಣಿಯವರೆಗೂ ಗೊಣಗಲಿ, ಅಷ್ಟು ಹೊತ್ತಿಗೆ ಹಸಿವು ಹೆಚ್ಚಿರುತ್ತದೆ.

ಒಂದೇ ಸಂಚಿಕೆಯಲ್ಲಿ ಎಲ್ಲರೂ ಬೇಕೇ ಬೇಕಾದರೆ ಒಡೆದು ಕಳಿಸುವುದು ಪ್ರಾಮಾಣಿಕ ದಾರಿ. 1940ರಲ್ಲಿ ಆಲ್ ಸ್ಟಾರ್ ಕಾಮಿಕ್ಸ್‌ನ 3ನೇ ಸಂಚಿಕೆಯಲ್ಲಿ ಜಸ್ಟಿಸ್ ಸೊಸೈಟಿ ಬಂದಾಗ ಸದಸ್ಯರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿದರು. 1960ರಲ್ಲಿ ಬಂದ ಜಸ್ಟಿಸ್ ಲೀಗ್ ಬೇರೆ ಬೇರೆ ಕಡೆಗೆ ಚದುರಿ ಕೊನೆಗೆ ಕೂಡಿತು. ಇಂದಿನ 20 ಪುಟಕ್ಕೆ ಮೂರು ಗುಂಪಿಗಿಂತ ಹೆಚ್ಚು ಹಿಡಿಸುವುದಿಲ್ಲ, ಗುಂಪಿಗೆ ಇಬ್ಬರು. ಜೋಡಿ ಮಾಡುವಾಗ ಶಕ್ತಿ ಹೊಂದುವವರನ್ನು ಸೇರಿಸಬೇಡಿ, ಉತ್ತರ ಹೊಂದದವರನ್ನು ಸೇರಿಸಿ. ಗರುಡ ಮತ್ತು ಬಂಡೆ ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಆ ಎರಡು ಪುಟ ತಾವಾಗಿಯೇ ಬರೆದುಕೊಳ್ಳುತ್ತವೆ.

ಎಳೆಗಳ ಚೌಕಟ್ಟು

ಉಪಕಥೆಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಚದುರುವಿಕೆಯ ಮುಖ್ಯ ಮೂಲ. ಇದಕ್ಕೆ ಒಳ್ಳೆಯ ಉಪಾಯ ಬಂದದ್ದು ಅತಿ ದೊಡ್ಡ ತಂಡದ ಕಡೆಯಿಂದಲೇ. ಲೀಜನ್ ಆಫ್ ಸೂಪರ್‌ಹೀರೋಸ್‌ನಲ್ಲಿ ಸದಸ್ಯರು ಡಜನ್‌ಗಟ್ಟಲೆ. ಅದನ್ನು ದೀರ್ಘ ಕಾಲ ಬರೆದ ಪಾಲ್ ಲೆವಿಟ್ಜ್ ಒಂದು ಕೋಷ್ಟಕ ಇಟ್ಟುಕೊಂಡಿದ್ದರು; ಬರೆಯುವವರ ನಡುವೆ ಅದಕ್ಕೆ ಅವರ ಹೆಸರೇ ಅಂಟಿದೆ. ತತ್ವ ಸರಳ: ಮುಖ್ಯ ಕಥೆ ನಡೆಯುತ್ತಿರುವಾಗ ಎರಡನೆಯ ಕಥೆ ಕೆಳಗೆ ಬೆಳೆಯುತ್ತಿರುತ್ತದೆ, ಮೂರನೆಯದು ಮೊಳಕೆಯೊಡೆಯುತ್ತಿರುತ್ತದೆ. ಮುಖ್ಯ ಕಥೆ ಮುಗಿದಾಗ ಎರಡನೆಯದು ಮೇಲೇರಿ ಅದರ ಜಾಗ ಹಿಡಿಯುತ್ತದೆ, ಮೂರನೆಯದು ಒಂದು ಮೆಟ್ಟಿಲು ಹತ್ತುತ್ತದೆ.

ನೀವು ಮಾಡಬೇಕಾದದ್ದು: ಅಡ್ಡಕ್ಕೆ ಸಂಚಿಕೆಯ ಸಂಖ್ಯೆ 1ರಿಂದ 12, ಉದ್ದಕ್ಕೆ ಎಳೆಗಳ ಹೆಸರು. ಪ್ರತಿ ಮನೆಯಲ್ಲಿ ಆ ಸಂಚಿಕೆಯಲ್ಲಿ ಆ ಎಳೆಗೆ ಸಿಗುವ ಪುಟ, ಅದರ ಕೆಳಗೆ ಐದಾರು ಪದದಲ್ಲಿ ಆಗುವ ಬದಲಾವಣೆ. ಮುಖ್ಯ ಎಳೆಗೆ 13ರಿಂದ 15, ಎರಡನೆಯದಕ್ಕೆ 3ರಿಂದ 5, ಮೂರನೆಯದಕ್ಕೆ 1, ನಾಲ್ಕನೆಯದಿದ್ದರೆ ಬೇರೆಯವರ ದೃಶ್ಯದಲ್ಲಿ ಒಂದು ಪ್ಯಾನೆಲ್. ನಾಲ್ಕಕ್ಕಿಂತ ಹೆಚ್ಚು ಎಳೆ ಒಟ್ಟಿಗೆ ತೆರೆದಿರಬಾರದು. ಹೊಸದೊಂದು ತೆರೆಯಬೇಕೆಂದರೆ ಹಳೆಯದೊಂದು ಮುಚ್ಚಬೇಕು. ಒಂದು ಎಳೆ ಎರಡು ಸಂಚಿಕೆ ಕಾಣಿಸದಿದ್ದರೆ ಮೂರನೆಯದರಲ್ಲಿ ಕಾಣಿಸಲೇಬೇಕು, ಏಕೆಂದರೆ ಮಾಸಿಕದಲ್ಲಿ ಮೂರು ತಿಂಗಳು ಎಂದರೆ ಓದುಗ ಹೆಸರುಗಳನ್ನೇ ಮರೆಯುವಷ್ಟು ಕಾಲ.

ಬಹಳ ಜನ ಎಡವುವ ಜಾಗ ಆ "ಐದಾರು ಪದದ ಬದಲಾವಣೆ". ಕತ್ತಲ ಕೋಣೆಯಲ್ಲಿ ಪರದೆಗಳ ಮುಂದೆ ಬೆನ್ನು ತಿರುಗಿಸಿ ಕೂತ ಅಪರಿಚಿತ "ಇನ್ನು ಸ್ವಲ್ಪವೇ ದಿನ…" ಎನ್ನುತ್ತಾನೆ. ಮುಂದಿನ ತಿಂಗಳೂ ಅದೇ ಕುರ್ಚಿ, ಅದೇ ಮಾತು. ಐದನೆಯ ತಿಂಗಳಿಗೆ ಓದುಗನಿಗೆ ಅವನ ಮೇಲಿನ ಕುತೂಹಲ ಹೋಗಿ ಕರುಣೆ ಬಂದಿರುತ್ತದೆ. ಪ್ರತಿ ಸಲ ಬಂದಾಗಲೂ ಒಂದು ಹೊಸ ಸಂಗತಿ ಖಚಿತವಾಗಲಿ: ಮೊದಲು ಕೈಯಲ್ಲಿ ತಂಡದ ಬಿಲ್ಲೆ, ಆಮೇಲೆ ಅವನು ನೋಡುತ್ತಿರುವುದು ಮಿಂಚುವನ್ನು ಮಾತ್ರ ಎಂಬುದು, ಆಮೇಲೆ ಅವನ ಮೇಜಿನ ಮೇಲೆ ಕುಸಿದ ಕಟ್ಟಡದ ನಕ್ಷೆ. ನಾಲ್ಕನೆಯ ಸಲ ಬಾಗಿಲು ತೆರೆದು ಹೊರಗೆ ಬರಲಿ.

ಪುಟ ಜೋಡಿಸುವುದು

ಒಂದು ಹಾಳೆಯಲ್ಲಿ 20 ಸಣ್ಣ ಆಯತ ಬರೆದು ದೃಶ್ಯ ಹಂಚಿ. ದೃಶ್ಯಗಳು ಆರು ಅಥವಾ ಏಳು, ಒಂದೊಂದಕ್ಕೆ ಎರಡರಿಂದ ನಾಲ್ಕು ಪುಟ. ಹನ್ನೆರಡು ದೃಶ್ಯ ತುರುಕಿದರೆ ಪ್ರತಿ ಸಲ ಜಾಗ, ಸಮಯ, ಯಾರಿದ್ದಾರೆ ಎಂದು ಹೊಸದಾಗಿ ತೋರಿಸಲು ಒಂದೊಂದು ಪ್ಯಾನೆಲ್ ಖರ್ಚು; ನೂರರಲ್ಲಿ ಹನ್ನೆರಡು ಬರೀ ಬಾಗಿಲು ತೆಗೆಯುವುದಕ್ಕೇ ಹೋಯಿತು.

ಅಚ್ಚಿನ ಪುಸ್ತಕದಲ್ಲಿ ಮೊದಲ ಪುಟ ಬಲಗಡೆ ಇದ್ದರೆ ಸಮಸಂಖ್ಯೆಯ ಪುಟಗಳೆಲ್ಲ ಹಾಳೆ ಮಗುಚಿದ ಮೇಲೆ ಕಾಣುವವು. ಬೆಚ್ಚಿಬೀಳಿಸುವ ಚಿತ್ರ ಸಮ ಪುಟದ ಮೊದಲ ಪ್ಯಾನೆಲ್‌ನಲ್ಲಿ, ಅದಕ್ಕೆ ಎಳೆಯುವ ಪ್ರಶ್ನೆ ಹಿಂದಿನ ಬೆಸ ಪುಟದ ಕೊನೆಯಲ್ಲಿ. ಬೆಸ ಪುಟದಲ್ಲಿಟ್ಟರೆ ಎಡ ಪುಟ ಓದುವಾಗಲೇ ಕಣ್ಣು ಬಲಕ್ಕೆ ಜಾರಿ ಗುಟ್ಟು ಬಯಲಾಗುತ್ತದೆ. ನಡುವೆ ಜಾಹೀರಾತು ಪುಟ ಬರುವುದಾದರೆ ಈ ಲೆಕ್ಕ ಬದಲಾಗುತ್ತದೆ, ಸಂಪಾದಕರನ್ನು ಮೊದಲೇ ಕೇಳಿಕೊಳ್ಳಿ. ಫೋನಿನಲ್ಲಿ ಪುಟಪುಟವಾಗಿ ಓದುವವರಿಗೆ ಪ್ರತಿ ಪುಟವೂ ಮಗುಚುವಿಕೆಯೇ.

ಹಲವರಿರುವ ದೃಶ್ಯದ ಮೊದಲ ಅಥವಾ ಎರಡನೆಯ ಪ್ಯಾನೆಲ್‌ನಲ್ಲಿ ಎಲ್ಲರೂ ಎಲ್ಲಿ ನಿಂತಿದ್ದಾರೆಂದು ಕಾಣಲೇಬೇಕು. ಆ ಒಂದು ಚಿತ್ರ ಇದ್ದರೆ ಮುಂದಿನ ಹತ್ತು ಪ್ಯಾನೆಲ್‌ನಲ್ಲಿ ಬರೀ ಮುಖ ಬರೆದರೂ ದಾರಿ ತಪ್ಪುವುದಿಲ್ಲ.

ಇಲ್ಲೇ ಚಿತ್ರಗಾರರ ಸಮಯದ ಮಾತು ಹೇಳಬೇಕು. ಕಥೆ ಚದುರಿದೆ ಎಂಬ ಅನೇಕ ದೂರುಗಳ ಬೇರು ಬರವಣಿಗೆಯಲ್ಲಿ ಕಂಡರೂ ಕಾಯಿಲೆ ಚಿತ್ರದ ಮೇಜಿನ ಮೇಲಿರುತ್ತದೆ. "ಆರೂ ಜನ ನೂರು ರೋಬೋಟುಗಳ ಮೇಲೆ ಬೀಳುತ್ತಾರೆ" ಎಂದು ಸ್ಕ್ರಿಪ್ಟಿನಲ್ಲಿ ಬರೆಯಲು ಹತ್ತು ಸೆಕೆಂಡು, ಚಿತ್ರಿಸಲು ದಿನಗಟ್ಟಲೆ. ಇಂಥ ಪ್ಯಾನೆಲ್ ಸಂಚಿಕೆಗೆ ಎಂಟು ಬಂದರೆ ಗಡುವಿನ ಕೊನೆಯ ವಾರದಲ್ಲಿ ಮೊದಲು ಬಿದ್ದುಹೋಗುವುದು ಹಿನ್ನೆಲೆ. ಗೋಡೆ, ಕಿಟಕಿ, ರಸ್ತೆ ಮಾಯವಾಗಿ ಬಣ್ಣದ ಪಟ್ಟಿ ಉಳಿಯುತ್ತದೆ. ಹಿನ್ನೆಲೆ ಹೋದರೆ ಯಾರು ಯಾರಿಂದ ಎಷ್ಟು ದೂರ ಎಂಬುದು ಹೋಯಿತು, ಅದು ಹೋದರೆ ಕಾರಣ-ಪರಿಣಾಮವೇ ಹೋಯಿತು. ಆರೂ ಜನ ಪೂರ್ತಿ ಕಾಣುವ ಪ್ಯಾನೆಲ್ ಸಂಚಿಕೆಗೆ ನಾಲ್ಕೇ ಎಂದು ಮಿತಿ ಹಾಕಿಕೊಳ್ಳಿ, ಅದನ್ನು ಸ್ಕ್ರಿಪ್ಟ್ ಕಳಿಸುವ ಮುನ್ನ ಎಣಿಸಿ.

ಹೊಡೆದಾಟ

ತಂಡದ ಹೊಡೆದಾಟ ಕಲಸಿಹೋಗುವುದು ಅದು ಸರದಿಯ ಸಾಲಾದಾಗ: ಬಂಡೆ ಗುದ್ದಿದ, ಮಿಂಚು ಓಡಿದಳು, ಗರುಡ ಹಾರಿದ, ಮತ್ತೆ ಬಂಡೆ. ಕ್ರಮ ಬದಲಿಸಿದರೂ ಏನೂ ವ್ಯತ್ಯಾಸವಾಗದು ಎಂದಾದರೆ ಅದು ದೃಶ್ಯವೇ ಅಲ್ಲ. ಪರೀಕ್ಷೆಗೆ ಎರಡು ಪುಟ ಅದಲುಬದಲು ಮಾಡಿ ಓದಿ ನೋಡಿ.

ಬರೆಯುವ ಮುಂಚೆ ಮೂರು ಸಂಗತಿ ಖಚಿತವಿರಲಿ. ಒಂದು, ಕೈಗೆ ಸಿಗಬೇಕಾದ ವಸ್ತು ಅಥವಾ ತಲುಪಬೇಕಾದ ಜಾಗ. "ಖಳನನ್ನು ಸೋಲಿಸುವುದು" ಸಾಲದು, "ಅವನು ಮೇಲಿನ ಮಹಡಿಯ ಸ್ವಿಚ್ ತಲುಪುವ ಮೊದಲು ಒಳಗಿರುವ ನಲವತ್ತು ಜನ ಹೊರಗೆ" ಎಂಬುದು ಸಾಕು. ಎರಡು, ಮೇಲಿನಿಂದ ನೋಡಿದ ನಕ್ಷೆ: ಬಾಗಿಲು, ಮೆಟ್ಟಿಲು, ಯಾರು ಎಲ್ಲಿ ಶುರು, ಎಲ್ಲಿ ಮುಗಿವು. ವೀರರು ಎಡದಿಂದ ಬಲಕ್ಕೆ ಸಾಗುತ್ತಿದ್ದರೆ ಕೊನೆತನಕ ಹಾಗೇ ಇರಲಿ. ನಡುವೆ ಕಾರಣವಿಲ್ಲದೆ ಕೋನ ತಿರುಗಿದರೆ ಓಡುವವಳು ಹಿಂದಕ್ಕೆ ಬರುತ್ತಿರುವಂತೆ ಕಾಣುತ್ತದೆ. ಮೂರು, ಆರು ಪುಟದ ಹೊಡೆದಾಟಕ್ಕೆ ಎರಡು ತಿರುವು. ತಿರುವು ಎಂದರೆ ಹಾಕಿದ ಉಪಾಯ ಕೆಟ್ಟು ಬೇರೆ ಉಪಾಯ ಹಿಡಿಯಬೇಕಾದ ಕ್ಷಣ.

ಬಲಶಾಲಿಯ ಸಮಸ್ಯೆ ಬೇರೆಯೇ ಇದೆ. ಒಂದೇ ಏಟಿಗೆ ಎಲ್ಲ ಮುಗಿಸಬಲ್ಲ ಬಂಡೆ ಅಲ್ಲೇ ಇರುವಾಗ ಉಳಿದವರು ಏಕೆ ಬೆವರು ಸುರಿಸುತ್ತಿದ್ದಾರೆ? ಬಂಡೆಯನ್ನು ಮೊದಲ ಪುಟದಲ್ಲೇ ಮೂರ್ಛೆ ಬೀಳಿಸಿ "ನೋಡಿ, ಖಳ ಎಷ್ಟು ಭಯಂಕರ" ಎನ್ನುವುದು ಸವೆದು ಸವೆದು ನಗೆಪಾಟಲಾದ ತಂತ್ರ. ಮೂರನೆಯ ಸಲಕ್ಕೆ ಬಂಡೆಯೇ ದುರ್ಬಲ ಎಂದು ಓದುಗ ತೀರ್ಮಾನಿಸುತ್ತಾನೆ. ಅವನಿಗೆ ಹೊರೆ ಕೊಡಿ. ಕುಸಿಯುವ ಮಹಡಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾನೆ, ಕದಲಿದರೆ ಕೆಳಗಿನವರು ಸಾಯುತ್ತಾರೆ. ಈಗ ಅವನ ಬಲವೂ ಕಾಣುತ್ತದೆ, ಅವನ ಗೈರುಹಾಜರಿಗೆ ಕಾರಣವೂ ಇದೆ, ಕಾಪಾಡುವುದಷ್ಟೇ ಗೊತ್ತಿರುವ ಅವನ ಸ್ವಭಾವಕ್ಕೂ ಹೊಂದುತ್ತದೆ. ಮನಸ್ಸು ಓದುವ ಮೌನಿಯಂಥವರಿಗೆ ಮಿತಿಯನ್ನು ಮೊದಲ ಸಂಚಿಕೆಯಲ್ಲೇ ಹೇಳಿಬಿಡಬೇಕು. ಬೇಕಾದಾಗ ಓದಲಾಗದೆ, ಬೇಡವಾದಾಗ ಓದಿಬಿಡುವ ಶಕ್ತಿ ಎಂದರೆ ಲೇಖಕರು ಮೋಸ ಮಾಡುತ್ತಿದ್ದಾರೆ ಎಂದೇ ಅರ್ಥ.

ಹೊಡೆದಾಟ ಮುಗಿಸುವ ಕೊನೆಯ ನಡೆ ಯಜಮಾನನದು. ಮಿಂಚುವಿನ ಸಂಚಿಕೆಯಾದರೆ ಅವಳು ವೇಗವಾಗಿ ಓಡಿ ಗೆಲ್ಲಬಾರದು. ಓಡದೆ ನಿಂತು ಎಣಿಸಿ ಗೆಲ್ಲಬೇಕು. ಕಟ್ಟಡ ಬಿದ್ದದ್ದು ಆತುರದಿಂದ ತಾನೆ.

ಮಾತು

ಇಂಗ್ಲಿಷ್ ಕಾಮಿಕ್‌ಗಳಲ್ಲಿ ಬಲೂನಿಗೆ ಸುಮಾರು 25 ಪದ, ಪ್ಯಾನೆಲ್‌ಗೆ 35 ಎಂಬ ಹಳೆಯ ಮಿತಿ ಇದೆ. ಕನ್ನಡದಲ್ಲಿ ಪದಗಳು ಪ್ರತ್ಯಯ ಹೊತ್ತು ಉದ್ದವಾಗಿರುತ್ತವೆ, ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗವೂ ಹೆಚ್ಚು ಬೇಕು. ಬಲೂನಿಗೆ 12ರಿಂದ 15, ಪ್ಯಾನೆಲ್‌ಗೆ 20 ಪದ ಎಂದಿಟ್ಟುಕೊಂಡರೆ ಚಿತ್ರ ಉಸಿರಾಡುತ್ತದೆ. ಒಂದು ಪ್ಯಾನೆಲ್‌ನಲ್ಲಿ ಮಾತಾಡುವವರು ಇಬ್ಬರು, ತಪ್ಪಿದರೆ ಮೂವರು. ಮೊದಲು ಮಾತಾಡುವವರು ಎಡಗಡೆ ನಿಲ್ಲಬೇಕು. ಇದನ್ನು ಸ್ಕ್ರಿಪ್ಟಿನಲ್ಲೇ ಬರೆಯದಿದ್ದರೆ ಬಲೂನುಗಳ ಬಾಲ ಒಂದನ್ನೊಂದು ದಾಟಿ, ಉತ್ತರ ಮೊದಲು ಪ್ರಶ್ನೆ ಆಮೇಲೆ ಓದಿಸಿಕೊಳ್ಳುತ್ತದೆ.

ದನಿ ಬೇರೆ ಮಾಡಲು ಒಬ್ಬನಿಗೆ ತಮಾಷೆ, ಒಬ್ಬಳಿಗೆ ವ್ಯಂಗ್ಯ ಎಂದು ಹಂಚುವುದಕ್ಕಿಂತ ಕನ್ನಡದ್ದೇ ಒಂದು ಸಲಕರಣೆ ಇದೆ: ನೀನು, ನೀವು. ಆರು ಅಡ್ಡ, ಆರು ಉದ್ದ ಮನೆಯ ಪಟ್ಟಿ ಮಾಡಿ, ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂದು ತುಂಬಿ. ಸೂಜಿ ಗರುಡನಿಗೆ "ನೀವು", ಬಂಡೆ ಎಲ್ಲರಿಗೂ "ನೀನು", ನೆರಳು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಪಟ್ಟಿ ಮುರಿಯುವುದು ಸರಣಿಗೆ ಒಂದೇ ಸಲ. ಐದನೆಯ ಸಂಚಿಕೆಯಲ್ಲಿ ಬಂಡೆ ಗರುಡನಿಗೆ ತಣ್ಣಗೆ "ನೀವು ಹೇಳಿದ ಹಾಗೇ ಆಗಲಿ" ಎಂದರೆ ಸ್ನೇಹ ಮುರಿದದ್ದನ್ನು ಹೇಳಲು ಇನ್ನೊಂದು ಬಲೂನು ಬೇಕಿಲ್ಲ. ಆದರೆ ಪಟ್ಟಿಯಿಲ್ಲದೆ ಬರೆದು ಅವನು ಎರಡನೆಯ ಸಂಚಿಕೆಯಲ್ಲೇ ಎಲ್ಲೋ ಮೈಮರೆತು "ನೀವು" ಅಂದಿದ್ದರೆ ಈ ಏಟು ಬೀಳುವುದೇ ಇಲ್ಲ.

ನಡೆಯುತ್ತಿರುವ ಕಾಮಿಕ್ ಆದರೆ

ಆಗಲೇ ಹನ್ನೆರಡು ಸಂಚಿಕೆ ಹೊರಬಿದ್ದು ಕಥೆ ಗೋಜಲಾಗಿದ್ದರೆ ಮೂರು ಸಂಚಿಕೆಯಲ್ಲಿ ಬಿಡಿಸಬಹುದು.

ಮೊದಲನೆಯದು ಸಾಲ ತೀರಿಸುವ ಸಂಚಿಕೆ. ತೆರೆದ ಎಳೆಗಳನ್ನೆಲ್ಲ ಬರೆದು ಅರ್ಧಕ್ಕಿಂತ ಹೆಚ್ಚು ಮುಚ್ಚಿ. ಕೆಲವನ್ನು ಎರಡು ಎರಡಾಗಿ ಗಂಟು ಹಾಕಬಹುದು: ಕಳುವಾದ ಯಂತ್ರ ಮತ್ತು ಸೂಜಿಯ ಗುಟ್ಟಿನ ಓಡಾಟ ಒಂದೇ ಸಂಗತಿ ಎಂದಾದರೆ ಎರಡು ಎಳೆ ಒಂದಾಯಿತು. ಕೆಲವನ್ನು ಒಂದೇ ಪ್ಯಾನೆಲ್‌ನಲ್ಲಿ ಮುಗಿಸಬಹುದು. ಯಾರಿಗೂ ನೆನಪಿಲ್ಲದ್ದನ್ನು ಎತ್ತಲೇಬೇಡಿ. ನೆನಪಿಸಿ ಕ್ಷಮೆ ಕೇಳುವ ಕ್ಯಾಪ್ಶನ್ ಇನ್ನೊಂದು ಗೋಜಲು.

ಎರಡನೆಯದು ಒಂದೇ ಜಾಗ, ಒಂದೇ ರಾತ್ರಿ. ತಂಡ ಎಲ್ಲೋ ಸಿಕ್ಕಿಕೊಂಡಿದೆ, ಹೊರಗೆ ಹೋಗಲಾಗದು, ಖಳನಿಲ್ಲ ಅಥವಾ ಹೊರಗಿದ್ದಾನೆ. ಇಲ್ಲಿ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿಸಿ, ಆರು ಉತ್ತರವನ್ನೂ ಹೇಳಿಸಿ. ಜಾಗ ಬದಲಾಗದ್ದರಿಂದ ಚಿತ್ರಗಾರರಿಗೂ ಸ್ವಲ್ಪ ಬಿಡುವು. ಮೂರನೆಯದರಲ್ಲಿ ಒಬ್ಬ ಯಜಮಾನನೊಂದಿಗೆ ಹೊಸ ಸರಣಿ ಶುರು.

ನಡುವೆ ಹಲವು ಪತ್ರಿಕೆಗಳಲ್ಲಿ ಹರಡುವ ಪ್ರಕಾಶಕರ ದೊಡ್ಡ ಕ್ರಾಸ್‌ಓವರ್ ಬಂದು ಎರಡು ಸಂಚಿಕೆ ಕಿತ್ತುಕೊಂಡರೆ ಅದರ ಇಡೀ ಕಥೆಯನ್ನು ನಿಮ್ಮ ಪುಟದಲ್ಲಿ ವಿವರಿಸಲು ಹೋಗಬೇಡಿ. ಆ ಘಟನೆಯಿಂದ ಒಂದೇ ಒಂದು ಪರಿಣಾಮ ತೆಗೆದುಕೊಳ್ಳಿ. ಊರಿಗೆ ಊರೇ ಕತ್ತಲಾಗಿದೆ, ಅಷ್ಟೆ. ಆ ಕತ್ತಲಲ್ಲಿ ನಿಮ್ಮ ಯಜಮಾನ ತನ್ನ ಪ್ರಶ್ನೆಯನ್ನೇ ಎದುರಿಸಲಿ. ಕ್ರಾಸ್‌ಓವರ್ ಓದದವನಿಗೂ ಓದಿದವನಿಗೂ ಸಂಚಿಕೆ ನಿಲ್ಲುತ್ತದೆ.

ಥಂಬ್‌ನೇಲ್ (ಪುಟಗಳ ಸಣ್ಣ ಕಚ್ಚಾ ಚಿತ್ರ) ಹಂತದಲ್ಲೇ, ಅಂದರೆ ಪೆನ್ಸಿಲ್ ಕೆಲಸ ಶುರುವಾಗುವ ಮೊದಲೇ, ತಂಡದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಓದಿಸಿ. ಮುಗಿದ ಮೇಲೆ ಮೂರೇ ಪ್ರಶ್ನೆ ಕೇಳಿ: ಇದು ಯಾರ ಕಥೆ, ಅವರಿಗೆ ಏನು ಬೇಕಿತ್ತು, ಅದಕ್ಕಾಗಿ ಏನು ಬಿಟ್ಟರು. ಉತ್ತರಕ್ಕಿಂತ ಅವರು ಹಾಳೆ ಹಿಂದಕ್ಕೆ ತಿರುಗಿಸಿದ ಪುಟದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ತಿದ್ದುವ ಕೆಲಸ ಆ ಪುಟದಿಂದ ಒಂದು ಪುಟ ಹಿಂದೆ ಶುರುವಾಗುತ್ತದೆ.